ಹೊರಗಟ್ಟೆಯ ಡಬ್ಬಿ

ನಿವೃತ್ತಳಾದ ಮೇಲೆ ನೆರೆಮನೆಯವರು ನನ್ನ ಕೆಲಸ ಏನಾಗಿತ್ತೆಂದು ಕೇಳಿದಾಗ, "ಪುಣೆಯಲ್ಲಿದ್ದ ಕಂಪ್ಯೂಟರುಗಳನ್ನು ಚಿಕ್ಕೋಡಿಯಲ್ಲಿ ಕೂತು ನೋಡಿಕೊಳ್ಳುತ್ತಿದ್ದೆ. ಅವುಗಳ ಮೇಲೆ ಕೆಲಸ ಮಾಡುವವರು ರಾಯಬಾಗ, ಅಥಣಿ, ಕಾಗವಾಡಗಳಲ್ಲಿದ್ದರು" ಎನ್ನುತ್ತೇನೆ. ಅವರು ತಲೆಯಾಡಿಸಿ ಮಾತು ಬದಲಿಸುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಮಾತ್ರ ಕಣ್ಣರಳಿಸಿ, ಯಾವ ಸಾಫ್ಟ್‌ವೇರ್, ಯಾವ ಪರೀಕ್ಷೆ ಎಂದು ವಿಚಾರಿಸುತ್ತಾರೆ. ನಾನು ಅವರಿಗೆ ಗೋಡೆಯ ಮೇಲಿನ ಒಂದು ಪ್ಲಗ್ಗಿನ ಸಂಗತಿ ಹೇಳುತ್ತೇನೆ. ಆ ಪ್ಲಗ್ಗಿನಿಂದಾಗಿ ಸುಜಾತಾ ಎಂಬ ಹೆಣ್ಣುಮಗಳ ಕೆಲಸ ಹೋಗುವುದರಲ್ಲಿತ್ತು. ನನ್ನ ವೃತ್ತಿಯ ಬಗ್ಗೆ ಬರೆಯುವುದಕ್ಕೆ ಬೇರೆ ಬಹಳ ಇದೆ, ಸ್ವಲ್ಪ ಬರೆದೂ ಇದ್ದೇನೆ. ಆದರೆ ಆ ಪ್ಲಗ್ಗಿಗೆ ಬಂದು ತಲುಪುವುದೇ ಈ ಬರಹದ ಉದ್ದೇಶ.

ನಾನು ನಿಪ್ಪಾಣಿಯವಳು. ನನ್ನ ತಾಯಿ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದಳು. ಎಲೆ ಕಂಪನಿಯದು, ತಂಬಾಕು ಕಂಪನಿಯದು, ಕೆಮ್ಮು ನಮ್ಮ ಮನೆಯದು. ಕಟ್ಟಿದ ಬೀಡಿಯಲ್ಲಿ ಒಂದಿಷ್ಟನ್ನು ಕಾರಣ ಹೇಳದೆ ಪಕ್ಕಕ್ಕೆ ತಳ್ಳುವ ಅಧಿಕಾರ ಗುತ್ತಿಗೆದಾರನಿಗಿತ್ತು. ಅದಕ್ಕೆ ನಮ್ಮಲ್ಲಿ 'ಛಾಟ' ಎನ್ನುತ್ತಿದ್ದರು. ಬೀಡಿ ಕೆಲಸಗಾರ್ತಿಯರ ಅಭ್ಯಾಸ ವರ್ಗಗಳಲ್ಲಿ ನೆಲದ ಮೇಲೆ ಕೂತು ನಾನು ಕಲಿತ ಮೊದಲ ಪಾಠ ಇದು: ಅನ್ಯಾಯವನ್ನು ಕಂಡಾಗ ಅದರ ಹೆಸರು ಹಿಡಿದು ಹೇಳಬೇಕು, ಹೆಸರಿಲ್ಲದ ಅನ್ಯಾಯ ಕ್ರಮೇಣ ಪದ್ಧತಿಯಾಗುತ್ತದೆ. ಕಂಪ್ಯೂಟರ್ ಕಲಿತದ್ದು ಆಮೇಲೆ.

ಎರಡು ಸಾವಿರದ ಆಚೀಚಿನ ಆ ಮೊದಲ ವರ್ಷಗಳಲ್ಲಿ ನನ್ನ ಕೆಲಸವೆಂದರೆ ಬಸ್ ಪ್ರಯಾಣ. ಕೈಚೀಲದಲ್ಲಿ ಸಿಡಿಗಳು, ರೊಟ್ಟಿಯ ಡಬ್ಬಿ, ಒಂದು ಸ್ಕ್ರೂ ಡ್ರೈವರ್. ಚಿಕ್ಕೋಡಿಯ ಒಂದು ಸಣ್ಣ ಸಂಸ್ಥೆಯ ಪರವಾಗಿ ಪ್ರತಿ ಊರಿನ ಪ್ರತಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದಕ್ಕೇ ಸಾಫ್ಟ್‌ವೇರ್ ಹಾಕಬೇಕಾಗಿತ್ತು. ಅಥಣಿಯಲ್ಲಿ ಹಾಕಿ ಮುಗಿಸಿ ತೆಲಸಂಗಕ್ಕೆ ಹೋಗುವಷ್ಟರಲ್ಲಿ ಅಥಣಿಯಲ್ಲಿ ವೈರಸ್ ಹೊಕ್ಕಿರುತ್ತಿತ್ತು. ದಣಿವಿನ ಕೆಲಸ, ನಿಜ. ಆದರೂ ಕಬ್ಬಿನ ಗದ್ದೆಗಳ ನಡುವೆ ಕಿಟಕಿಗೆ ತಲೆಯಾನಿಸಿ ಕೂತ ಆ ಬಸ್ಸುಗಳು ಈಗಲೂ ಕನಸಿನಲ್ಲಿ ಬರುತ್ತವೆ.

ಮುಂದಿನ ದಶಕದಲ್ಲಿ ಎಲ್ಲ ಬದಲಾಯಿತು. ಪುಣೆಯ ಒಂದು ಕಂಪನಿಗೆ ಮರಾಠಿ, ಕನ್ನಡ ಎರಡೂ ಓದಬಲ್ಲವರು ಬೇಕಾಗಿದ್ದರು. ಆಸ್ಪತ್ರೆಯ ಕಾಗದಗಳನ್ನು ಓದಿ, ಅದರ ವಿವರಗಳನ್ನು ವಿಮಾ ಕೆಲಸಕ್ಕಾಗಿ ತುಂಬಬೇಕು. ನಮ್ಮ ಗಡಿಯ ಹೆಣ್ಣುಮಕ್ಕಳಿಗೆ ಎರಡೂ ಭಾಷೆ ಉಸಿರಾಟದಂತೆ. ಆದರೆ ರೋಗಿಗಳ ಕಾಗದ ಪುಣೆ ಬಿಟ್ಟು ಹೊರಹೋಗುವಂತಿರಲಿಲ್ಲ. ಅದಕ್ಕೆ ಕಂಡುಕೊಂಡ ದಾರಿಯೇ ವರ್ಚುವಲ್ ಡೆಸ್ಕ್‌ಟಾಪ್. ಹಳ್ಳಿಯಲ್ಲಿ ಒಂದು ಪರದೆ, ಕೀಬೋರ್ಡ್, ಟಿಫಿನ್ ಡಬ್ಬಿಯಷ್ಟು ಸಣ್ಣದೊಂದು ಪೆಟ್ಟಿಗೆ ಮಾತ್ರ ಇರುತ್ತಿತ್ತು. ಅದನ್ನು ಎಲ್ಲರೂ ಡಬ್ಬಿ ಎಂದೇ ಕರೆಯುತ್ತಿದ್ದರು. ನಿಜವಾದ ಕಂಪ್ಯೂಟರ್ ಪುಣೆಯ ತಣ್ಣನೆಯ ಕೋಣೆಯೊಂದರಲ್ಲಿ. ಇಲ್ಲಿ ಕಾಣುತ್ತಿದ್ದದ್ದು ಅದರ ಚಿತ್ರ ಅಷ್ಟೇ. ಸಾಫ್ಟ್‌ವೇರನ್ನೂ ಯಾರೂ ಎಲ್ಲಿಯೂ ಹಾಕಬೇಕಾಗಿರಲಿಲ್ಲ. ಬೇಕಾದ ಭಾಗ ಬೇಕಾದ ಹೊತ್ತಿಗೆ, ಕಾಲುವೆಯ ನೀರು ಪಾಳಿಯ ಪ್ರಕಾರ ಹೊಲಕ್ಕೆ ಹರಿದು ಬರುವಂತೆ, ಹರಿದು ಬರುತ್ತಿತ್ತು. ನಾನು ಚಿಕ್ಕೋಡಿಯಲ್ಲಿ ಮೂಲಪ್ರತಿಯೊಂದನ್ನು ತಿದ್ದಿದರೆ ಮರುದಿನ ಬೆಳಿಗ್ಗೆ ಎಲ್ಲ ಊರುಗಳ ಡೆಸ್ಕ್‌ಟಾಪುಗಳೂ ತಿದ್ದಿಕೊಂಡು ಏಳುತ್ತಿದ್ದವು. ಸಿಡಿಯ ಚೀಲವನ್ನು ಅಟ್ಟಕ್ಕೆ ಹಾಕಿದೆ.

ಇದನ್ನು ಜನರಿಗೆ ತಿಳಿಸುವುದೇ ದೊಡ್ಡ ಕೆಲಸವಾಯಿತು. ರಾಯಬಾಗದ ಒಬ್ಬಾಕೆ ದಿನವೂ ಸಂಜೆ ಆ ಪೆಟ್ಟಿಗೆಯನ್ನು ಬಿಚ್ಚಿ, ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದಳು. ಯಾಕಮ್ಮಾ ಎಂದರೆ, "ನಾ ದುಡದದ್ದೆಲ್ಲಾ ಇದರಾಗ ಐತಲ್ರಿ ಬಾಯಾರ, ಕಳವಾದ್ರ ಹೆಂಗ?" ಎಂದಳು. ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ ನನ್ನನ್ನೂ ಎಲ್ಲರೂ 'ಬಾಯಾರ' ಎಂದೇ ಕರೆಯುತ್ತಿದ್ದರು. ಬೇಡಕಿಹಾಳದಲ್ಲಿ ಕಬ್ಬು ನುರಿಸುವ ಹಂಗಾಮು ಬಂತೆಂದರೆ ಕೇಬಲ್ ಉಳಿಯುತ್ತಿರಲಿಲ್ಲ. ಎರಡಾಳೆತ್ತರ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ರಸ್ತೆಗೆ ಅಡ್ಡಲಾಗಿ ಹಾದ ತಂತಿಯನ್ನು ಹೂವಿನ ಮಾಲೆಯಂತೆ ಕೊರಳಿಗೆ ಹಾಕಿಕೊಂಡು ಹೋಗಿಬಿಡುತ್ತಿತ್ತು. ಕಾಗವಾಡದಲ್ಲಿ ಡಾಟಾ ಕಾರ್ಡು ಮಹಾರಾಷ್ಟ್ರದ ಟವರ್ ಹಿಡಿದು, ಮನೆಯಲ್ಲಿ ಕೂತವರನ್ನು ಪರರಾಜ್ಯಕ್ಕೆ ಹೋದವರೆಂದು ತೋರಿಸುತ್ತಿತ್ತು.

ಇವೆಲ್ಲ ನಗುವ ಸಂಗತಿಗಳು. ನಗಲಾಗದ್ದೂ ಒಂದಿತ್ತು. ನಮ್ಮ ಮೇಲಧಿಕಾರಿ ಅಭಯ ಸರ್ ಪುಣೆಯಲ್ಲಿ ಕೂರುತ್ತಿದ್ದರು. ಸಭ್ಯರು, ಶ್ರಮಜೀವಿ, ಆದರೆ ಪರದೆಯ ಮೇಲೆ ಕಾಣದ್ದು ಅವರ ಲೆಕ್ಕಕ್ಕೆ ಇರುತ್ತಿರಲಿಲ್ಲ. ಒಮ್ಮೆ ಮೂಲಪ್ರತಿಯನ್ನು ಹಗುರ ಮಾಡಬೇಕೆಂದು, ನನ್ನನ್ನು ಕೇಳದೆ, ಕನ್ನಡದ ಅಕ್ಷರಗಳನ್ನೇ ತೆಗೆದುಹಾಕಿದರು. ಸೋಮವಾರ ಬೆಳಿಗ್ಗೆ ಅಥಣಿಯಿಂದ ಫೋನು: "ಬಾಯಾರ, ನಮ್ಮೂರ ಹೆಸರು ಬರೀ ಚೌಕ ಚೌಕ ಆಗೇತ್ರಿ! ಮರಾಠಿ ಹಂಗ ಐತಿ, ಕನ್ನಡಕ್ಕ ಅಷ್ಟಽ ಏನು ರೋಗ ಬಂತ್ರಿ?" ಅಭಯ ಸರ್, "ಅದನ್ನು ಯಾರೂ ಬಳಸುವುದಿಲ್ಲ ಅಂದುಕೊಂಡೆ" ಎಂದರು. ಇದನ್ನು ಅಜಾಗರೂಕತೆ ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ತನ್ನ ಭಾಷೆಯಲ್ಲದ್ದು ಭಾರ ಎಂದು ಭಾವಿಸುವುದು ತಾರತಮ್ಯ, ಹಾಗೆಂದೇ ಬರೆದು ಕಳಿಸಿದೆ. ಅಕ್ಷರಗಳು ಮರುದಿನ ಮರಳಿದವು.

ಇನ್ನು ಸುಜಾತಾ.

ಭೋಜ ಎಂಬ ಊರಿನ ಆಚೆ ಒಂದು ಹಳ್ಳಿ. ಅದರ ಹೆಸರು ಬರೆಯುವುದಿಲ್ಲ. ನಾನು ಹೇಳುವ ತಪ್ಪು ಆ ಒಂದು ಹಳ್ಳಿಯದಾಗಿರಲಿಲ್ಲ. ಅಲ್ಲಿ ಕಬ್ಬಿನ ಜಮೀನಿದ್ದ ಒಂದು ಮನೆಯ ಪಡಸಾಲೆಯಲ್ಲಿ ನಮ್ಮ ಕೇಂದ್ರ ನಡೆಯುತ್ತಿತ್ತು. ಮನೆಯ ಯಜಮಾನಿ ಪಾರ್ವತಕ್ಕ. ಅವರ ಸೊಸೆ ವೈಶಾಲಿಯೂ, ಅಕ್ಕಪಕ್ಕದ ಮನೆಗಳ ನಾಲ್ಕಾರು ಹೆಣ್ಣುಮಕ್ಕಳೂ ಕೆಲಸಕ್ಕೆ ಕೂರುತ್ತಿದ್ದರು. ಉದ್ಘಾಟನೆಯ ದಿನ ನಾನು ಹೋಗಿದ್ದೆ. ಸುಜಾತಾ ಸೇರಿದ್ದು ಆಮೇಲೆ. ಬೌದ್ಧರಾದ ದಲಿತ ಮನೆತನದವಳು, ಪದವಿ ಮುಗಿಸಿದ್ದಳು, ಆ ಕೇಂದ್ರದಲ್ಲಿ ಎಲ್ಲರಿಗಿಂತ ಚುರುಕು ಬೆರಳು ಅವಳದು. ಅವಳ ಗಂಡ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದ. ಆ ಮನೆಗೆ ಇದು ಮೊದಲ ನೌಕರಿ.

ಅಭಯ ಸರ್ ಫೋನಿನಲ್ಲಿ ಮರಾಠಿಯಲ್ಲಿ ಹೇಳಿದ್ದರ ಸಾರ ಇದು: ಸುಜಾತಾ ದಿನಕ್ಕೆ ಹಲವು ಸಲ ಸಂಪರ್ಕ ಕಡಿದುಕೊಂಡು ಹೋಗುತ್ತಾಳೆ. ಆ ಕೇಂದ್ರದ ಬೇರೆ ಯಾರೂ ಹೋಗುವುದಿಲ್ಲ. ಆಸಕ್ತಿ ಇಲ್ಲದವರನ್ನು ಇಟ್ಟುಕೊಳ್ಳಲಾಗದು, ತಿಂಗಳ ಕೊನೆಗೆ ಅವಳ ಲಾಗಿನ್ ಮುಚ್ಚುತ್ತೇನೆ. "ಬಘಾ ತಾಯಿ, ನೋಡಿ ಅಕ್ಕಾ," ಎಂದರು ಕೊನೆಗೆ, "ಸಿಸ್ಟಮ್ ಸುಳ್ಳು ಹೇಳುವುದಿಲ್ಲ."

ಸುಜಾತಾಳಿಗೆ ಫೋನು ಮಾಡಿದೆ. ಅವಳು ಗಾಬರಿಯಾಗಲಿಲ್ಲ, ಅಳಲೂ ಇಲ್ಲ. "ಬಾಯಾರ, ನಂದೊಂದಕ್ಕ ಲೋಡ್ ಶೆಡ್ಡಿಂಗ್ ಆಗತೈತ್ರಿ. ಒಳಗ ಕುಂತವ್ರಿಗೆ ಆಗೂದಿಲ್ರಿ. ಪುಣೆದಾಗ ನನ್ನ ಕಂಪ್ಯೂಟರಿಗೆ ಬ್ಯಾರೆ ವಾಯರ್ ಐತೇನ್ರಿ?" ಎಂದಳು.

"ಒಳಗ ಕುಂತವ್ರು ಅಂದ್ರ? ನೀ ಎಲ್ಲಿ ಕುಂತಿ?"

"ಬಂದು ನೋಡ್ರಲ್ಲ," ಎಂದಳು.

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಪಡಸಾಲೆಯಲ್ಲಿ ಸಾಲಾಗಿ ಪರದೆಗಳು, ಅವುಗಳ ಹಿಂದೆ ನಾವು ಕೊಟ್ಟ ಬ್ಯಾಟರಿ. ಕರೆಂಟು ಹೋದರೂ ಅವು ನಡೆಯುತ್ತವೆ. ಹೊರಗಟ್ಟೆಯ ಮೇಲೆ, ಹೊಸ್ತಿಲಿನಾಚೆ, ಒಂದು ಸ್ಟೂಲು, ಒಂದು ಪರದೆ, ಒಂದು ಡಬ್ಬಿ. ಅದರ ವೈರು ಹೋದದ್ದು ಹೊರಗೋಡೆಯ ಪ್ಲಗ್ಗಿಗೆ. ಆ ಪ್ಲಗ್ಗು ಬ್ಯಾಟರಿಗೆ ಸೇರಿರಲಿಲ್ಲ. ಅಲ್ಲಿ ಸುಜಾತಾ ಕೂತಿದ್ದಳು. ನಾನು ನೋಡುತ್ತಿದ್ದಂತೆಯೇ ಕರೆಂಟು ಹೋಯಿತು. ಒಳಗೆ ಕೀಬೋರ್ಡುಗಳ ಸದ್ದು ನಿಲ್ಲಲಿಲ್ಲ. ಹೊರಗೆ ಪರದೆ ಕಪ್ಪಾಯಿತು. ಸುಜಾತಾ ಕೈ ಕಟ್ಟಿಕೊಂಡು ನನ್ನ ಮುಖ ನೋಡಿದಳು.

"ಅಕಿಗೆ ಹೊರಗ ಗಾಳಿ ಚಲೋ ಬರತೈತಿ ಅಂತ ನಾನ ಅಲ್ಲಿ ಇಡಿಸೀನ್ರಿ," ಎಂದರು ಪಾರ್ವತಕ್ಕ.

"ಹೌದ್ರಿ ಕಾಕು," ಎಂದಳು ಸುಜಾತಾ, "ಗಾಳಿ ಬರತೈತಿ, ಕರೆಂಟ್ ಹೋಗತೈತಿ."

ಒಳಗೆ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಪಡಸಾಲೆಯಲ್ಲಿ ಒಂದು ಖುರ್ಚಿ ಖಾಲಿ ಇತ್ತು. ವೈಶಾಲಿ ನನಗೆ ನೀರು ತರಲು ಎದ್ದಿದ್ದಳು. ಆ ಖುರ್ಚಿ ತೋರಿಸಿ, ಸುಜಾತಾ ಇಲ್ಲಿ ಕೂತು ಈಗಿನ ಕೆಲಸ ಮುಗಿಸಲಿ ಎಂದೆ. ಪಾರ್ವತಕ್ಕ ಅಡ್ಡ ಬಂದರು. "ಅದು ನಮ್ಮ ವೈಶಾಲಿ ಡಬ್ಬಿರಿ. ಖಂಡೇನವಮಿಗೆ ಪೂಜಿ ಮಾಡೇವಿ. ಮತ್ತೊಬ್ರು ಕುಂತ್ರ ಅಕಿ ಕೆಲಸದಾಗ ಅವರದ್ದು ಕೂಡತೈತ್ರಿ. ಹಂಗ ಕೂಡಬಾರದು." ಪೆಟ್ಟಿಗೆಯ ನೆತ್ತಿಯ ಮೇಲೆ ಆಯುಧ ಪೂಜೆಯ ಅರಿಶಿನ ಕುಂಕುಮ ಒಣಗಿತ್ತು. ಅವರು ನೆಪ ಹೇಳುತ್ತಿರಲಿಲ್ಲ. ಕೆಲಸ ಆ ಪೆಟ್ಟಿಗೆಯೊಳಗೆ ಇದೆಯೆಂದೂ, ಅದಕ್ಕೆ ಮೈಲಿಗೆ ತಾಗುತ್ತದೆಯೆಂದೂ ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಆಮೇಲೆ ಕೇಳಿದರು: "ಅಲ್ರಿ, ನೀವು ಯಾರ ಪೈಕಿರಿ?"

"ಬೀಡಿ ಕಟ್ಟಾವರ ಪೈಕಿ," ಎಂದೆ.

ಅಷ್ಟರಲ್ಲಿ ಕರೆಂಟು ಬಂತು. ನಾನು ವೈಶಾಲಿಯನ್ನು ಹೊರಗೆ ಕರೆದು, ಸುಜಾತಾಳ ಡಬ್ಬಿಯಲ್ಲಿ ನಿನ್ನ ಹೆಸರಿನಿಂದ ಲಾಗಿನ್ ಆಗು ಎಂದೆ. ಅವಳು ಅತ್ತೆಯ ಮುಖ ನೋಡಿ, ಸೆರಗು ಸರಿಮಾಡಿಕೊಂಡು, ಒಂದೇ ಬೆರಳಿನಿಂದ ಹೆಸರು ಒತ್ತಿದಳು. ಪರದೆ ಬೆಳಗಿತು. ಅವಳ ಅರ್ಧ ತುಂಬಿದ ಕಾಗದ, ನಿಂತಲ್ಲೇ ನಿಂತ ಕರ್ಸರಿನ ಗೆರೆ, ಹಿಂದೆ ಅವಳ ಮಗನ ಫೋಟೋ.

"ಅಯ್ಯ!" ಎಂದಳು ವೈಶಾಲಿ. "ನಮ್ಮ ಪಿಂಟ್ಯಾ ಇಲ್ಲಿಗೂ ಬಂದಾನ!"

ಎಲ್ಲರೂ ಎದ್ದು ಬಂದು ನೋಡಿದರು. ನಾನು ಬಿಡಿಸಿ ಹೇಳಿದೆ. ಈ ಪೆಟ್ಟಿಗೆಯಲ್ಲಿ ಯಾರ ಕೆಲಸವೂ ಇಲ್ಲ. ನಿಮ್ಮೆಲ್ಲರ ಡೆಸ್ಕ್‌ಟಾಪುಗಳೂ ಪುಣೆಯಲ್ಲಿವೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಯಂತ್ರವೂ ಇಲ್ಲ, ನಿಮ್ಮ ಇಡೀ ಕೇಂದ್ರಕ್ಕೆ ಒಂದೇ ದೊಡ್ಡ ಯಂತ್ರ. ಅದರ ಒಂದೇ ಮಿದುಳಿನಲ್ಲಿ ಸುಜಾತಾಳದೂ ವೈಶಾಲಿಯದೂ ಪಕ್ಕಪಕ್ಕದಲ್ಲೇ ನಡೆಯುತ್ತವೆ.

ಪಾರ್ವತಕ್ಕ ನಿಧಾನವಾಗಿ ಕೇಳಿದರು: "ಅಂದ್ರ, ಅಲ್ಲಿ ಎಲ್ಲಾರೂ ಕೂಡೇ?"

"ಒಂದೇ ಪಂಕ್ತಿರಿ."

"ಮೊದಲಿಂದನೂ?"

"ಅಕಿ ಸೇರಿದ ದಿನದಿಂದ."

ಅವರು ಸುಜಾತಾಳ ಡಬ್ಬಿಯನ್ನೂ ಒಳಗಿನ ಸಾಲನ್ನೂ ಒಮ್ಮೆ ನೋಡಿದರು. ಗೆದ್ದೆ ಎಂದು ನಾನು ಅಂದುಕೊಂಡೆ. "ಹಂಗಾರ ಎಲ್ಲಾರೂ ಪುಣೆಕ್ಕ ಹೋಗಿ ಕುಂದ್ರರಿ," ಎಂದರು ಅವರು. "ಇದು ನನ್ನ ಮನಿ ಐತಿ. ವಾರದಾಗ ಪಡಸಾಲಿ ಖಾಲಿ ಮಾಡ್ರಿ."

ನಾನು ಅಲ್ಲಿಯೇ, ಎಲ್ಲರ ಎದುರಿಗೆ, ಹೊರಗಟ್ಟೆಯ ಆ ಸ್ಟೂಲಿನ ಹೆಸರು ಅಸ್ಪೃಶ್ಯತೆ ಎಂದು ಹೇಳಿದೆ. ಗಾಳಿ, ಪೂಜೆ, ಪದ್ಧತಿ ಎಂಬ ಯಾವ ಹೊದಿಕೆಯೂ ಅದನ್ನು ಮುಚ್ಚದು, ಕಾನೂನಿನ ಕಣ್ಣಿನಲ್ಲಿ ಅದು ಅಪರಾಧ ಎಂದೂ ಹೇಳಿದೆ. ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಎಂದು ಆಮೇಲೆ ಹಲವರು ಬುದ್ಧಿ ಹೇಳಿದರು. ನನಗೆ ಇಂದಿಗೂ ಹಾಗೆ ಅನ್ನಿಸಿಲ್ಲ.

ಬಸ್ ನಿಲ್ದಾಣದವರೆಗೆ ಸುಜಾತಾ ಜೊತೆಗೆ ಬಂದಳು. ದಾರಿಯಲ್ಲಿ ಅಂದಳು: "ಬಾಯಾರ, ನೀವು ಭಾಷಣಾ ಮಾಡಿ ಬಸ್ ಹತ್ತತೀರಿ. ನಾ ಇದ ಊರಾಗ ಇರಬೇಕ್ರಿ. ನಾಳೆ ನೀರಿಗೆ ಹೋದ್ರ ಎಲ್ಲಾರೂ ನನ್ನಿಂದನ ಕೆಲಸ ಹೋತು ಅಂತಾರ."

ಜಾಗ ಕಳೆದುಕೊಂಡ ಕೇಂದ್ರವನ್ನು ಪುಣೆಯವರು ಮುಚ್ಚಿಬಿಡುವರೆಂದು ಇಬ್ಬರಿಗೂ ಗೊತ್ತಿತ್ತು. ಈಗ ಅವಳೊಬ್ಬಳ ಲಾಗಿನ್ ಅಲ್ಲ, ಎಲ್ಲರದೂ ಹೋಗುವುದರಲ್ಲಿತ್ತು, ಹೊಣೆ ಮಾತ್ರ ಅವಳ ತಲೆಯ ಮೇಲೆ.

"ನಮ್ಮ ಓಣ್ಯಾಗ ಸಮಾಜ ಮಂದಿರ ಐತ್ರಿ," ಎಂದಳು ಅವಳೇ. "ಗಟ್ಟಿ ಕೀಲಿ ಐತಿ, ಫ್ಯಾನ್ ಐತಿ. ಹಿರ್ಯಾರನ್ನ ನಾ ಕೇಳತೀನಿ. ಆದ್ರ ಒಂದು ಮಾತು. ನಾ ಒಬ್ಬಾಕಿನ ಅಲ್ಲಿ ಕುಂದ್ರಾಂಗಿಲ್ಲ. ಅದೂ ಹೊರಗಟ್ಟಿನ ಆಗತೈತಿ, ದೊಡ್ಡದು. ಅವರು ಬಂದ್ರ ಕೇಂದ್ರ, ಬರಲಿಲ್ಲಂದ್ರ ನಂದೂ ಬಂದ್ ಮಾಡ್ರಿ."

ಅಭಯ ಸರ್‌ಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. "ಹಾಗಾದರೆ ಸಿಸ್ಟಮ್ ಹೇಳಿದ್ದು?" ಎಂದರು.

"ಕರೆಂಟು ಹೋದದ್ದನ್ನು ಸಿಸ್ಟಮ್ ಹೇಳಿತು ಸರ್. ಯಾರ ಕರೆಂಟು ಯಾಕೆ ಹೋಗುತ್ತದೆ ಎಂಬುದನ್ನು ಹೇಳಲಿಲ್ಲ."

ಮನೆಗಳಿಂದ ದುಡಿಯುವವರ ವಿಚಾರದಲ್ಲಿ ಕಂಪನಿಗಳು ಮಾಡುವ ಮೂಲ ಅನ್ಯಾಯ ಇದು. ಕಾರಣ ಕೇಳದೆ ಪಕ್ಕಕ್ಕೆ ತಳ್ಳುವುದು. ನನ್ನ ತಾಯಿಯ ಕಾಲದಲ್ಲಿ ಅದನ್ನು ಒಬ್ಬ ಮನುಷ್ಯ ಎದುರು ನಿಂತು ಮಾಡುತ್ತಿದ್ದ, ಅವನ ಜೊತೆ ಜಗಳವಾದರೂ ಆಡಬಹುದಿತ್ತು. ಪರದೆಯ ಜೊತೆ ಜಗಳವಾಡಲಾಗದು. ಇದನ್ನೂ ಅವರಿಗೆ ಹೇಳಿದೆ. ಅವರು ನನ್ನ ಮಾತನ್ನು ಒಪ್ಪಿದರೋ ಇಲ್ಲವೋ ತಿಳಿಯದು, ಜಾಗ ಬದಲಿಸಲು ಮಾತ್ರ ಒಪ್ಪಿದರು. "ಆದರೆ ತಾಯಿ, ಒಬ್ಬರಿಗೋಸ್ಕರ ಕೇಂದ್ರ ನಡೆಸಲಾಗದು. ಸೋಮವಾರ ಎಷ್ಟು ಜನ ಬರುತ್ತಾರೆ ನೋಡಿ ಹೇಳಿ."

ಶನಿವಾರ ಪರದೆ, ಡಬ್ಬಿ, ಬ್ಯಾಟರಿ ಎಲ್ಲ ಸಮಾಜ ಮಂದಿರಕ್ಕೆ ಹೋದವು. ಪಾರ್ವತಕ್ಕನ ಮನೆಯ ಓಣಿಯಿಂದ ಅಲ್ಲಿಗೆ ನಡೆದು ಹೋಗಲು ಬಹಳ ಹೊತ್ತು ಬೇಡ. ಆದರೆ ಆ ಮನೆಗಳ ಸೊಸೆಯಂದಿರು ಆ ದಾರಿ ತುಳಿದದ್ದು ಯಾರಿಗೂ ನೆನಪಿರಲಿಲ್ಲ. ಬರುತ್ತೀರಾ ಎಂದು ನಾನು ಯಾರಿಗೂ ಫೋನು ಮಾಡಲಿಲ್ಲ. ಬೇಡವೆಂದು ಸುಜಾತಾಳೇ ಹೇಳಿದ್ದಳು.

ಸೋಮವಾರ ಬೆಳಿಗ್ಗೆ ಚಿಕ್ಕೋಡಿಯಲ್ಲಿ ನನ್ನ ಪರದೆಯ ಮುಂದೆ ಕೂತೆ. ಆ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು. ಈಗ ಮನೆಯಲ್ಲಿ ಕೂತು ನಾನು ಹಂಬಲಿಸುವುದೂ ಅದಕ್ಕೇ. ಒಂದೊಂದು ಊರು ಎದ್ದು ಕೂರುವುದು, ಒಂದೊಂದು ಹೆಸರು ಹಸಿರಾಗುವುದು. ರಾಯಬಾಗ ಬಂತು. ಅಥಣಿ ಬಂತು. ಕಾಗವಾಡ ಒಮ್ಮೆ ಬಂದು ಹೋಗಿ ಮತ್ತೆ ಬಂತು. ಸುಜಾತಾಳ ಹೆಸರು ಹಸಿರಾಯಿತು. ಅದರ ಕೆಳಗಿನ ಹೆಸರುಗಳೆಲ್ಲ ಬೂದು ಬಣ್ಣದಲ್ಲೇ ಉಳಿದವು.

ನನ್ನ ಸಹೋದ್ಯೋಗಿಗಳು ಬಂದರು, ಕಚೇರಿಯ ಕಸ ಗುಡಿಸಿ ಆಯಿತು, ಯಾರೋ ಏನೋ ಕೇಳಿದರು, ನಾನು ಏನೋ ಹೇಳಿದೆ. ಸುಜಾತಾಳ ಡೆಸ್ಕ್‌ಟಾಪಿನಲ್ಲಿ ಕೆಲಸ ಆರಂಭವಾಗಿರಲಿಲ್ಲ. ಅವಳು ಲಾಗಿನ್ ಆಗಿ ಸುಮ್ಮನೆ ಕೂತಿದ್ದಳು, ನನ್ನಂತೆಯೇ. ಆಮೇಲೆ ವೈಶಾಲಿಯ ಹೆಸರು ಹಸಿರಾಯಿತು. ಅದು ಎಲ್ಲಿಂದ ಬಂದದ್ದೆಂದು ಮತ್ತೆ ಮತ್ತೆ ನೋಡಿದೆ. ಸಮಾಜ ಮಂದಿರದ ಸಂಪರ್ಕವೇ. ಅವಳ ಹಿಂದೆಯೇ ಇನ್ನೊಂದು, ಇನ್ನೊಂದು. ಇಬ್ಬರು ಆ ದಿನ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಅದನ್ನೂ ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ಆದರೆ ಕೇಂದ್ರ ನಡೆಸಲು ಬಂದವರೇ ಸಾಕಾಗಿದ್ದರು. ಪುಣೆಗೆ ಹಾಗೆಂದು ಬರೆದು ಕಳಿಸಿದೆ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ವೈಶಾಲಿಯ ಫೋನು ಬಂತು.

"ಬಾಯಾರ, ಒಂದು ಕಂಪ್ಲೇಂಟ್ ಐತ್ರಿ."

"ಏನಾತು? ಅತ್ತಿ ಬಂದ್ರೇನು?"

"ಇಲ್ರಿ. ಅತ್ತಿ ಏನೂ ಅನ್ನಲಿಲ್ರಿ. ಇಷ್ಟು ದೊಡ್ಡ ಡಬ್ಬಿ ಬುತ್ತಿ ಕಟ್ಟಿ ಕೊಟ್ಟಾರ, ಅಲ್ಲಿದೇನೂ ಬಾಯಾಗ ಹಾಕಬ್ಯಾಡ ಅಂತ." ಅವಳ ದನಿ ತಗ್ಗಿತು. "ಕಂಪ್ಲೇಂಟ್ ಬ್ಯಾರೆರಿ. ಕೀಬೋರ್ಡ್ ನಡಿವಲ್ತು. ಅದರ ಮ್ಯಾಲೆ ಚಹಾ ಚೆಲ್ಲೇತ್ರಿ."

"ಯಾರ ಮನಿ ಚಹಾ?"

ಫೋನು ಕೈ ಬದಲಾಯಿತು. ಹಿಂದೆ ಹೆಣ್ಣುಮಕ್ಕಳ ನಗೆ ಕೇಳುತ್ತಿತ್ತು.

"ನಮ್ಮ ಮನಿದ್ರಿ," ಎಂದಳು ಸುಜಾತಾ. "ಚೆಲ್ಲಿದ್ದು ಎರಡನೇ ಕಪ್ ಬಾಯಾರ. ಮೊದಲಿಂದು ಕುಡದಾಳ."

ಹೊಸ ಕೀಬೋರ್ಡನ್ನು ಮಧ್ಯಾಹ್ನದ ಬಸ್ಸಿಗೆ ಕೊಟ್ಟು ಕಳಿಸಿದೆ.